ಎರಡು ಆ್ಯಪ್, ಎರಡು ಉತ್ತರ: ನೋವಿನ ಮದ್ದು ಬದಲಿಸುವಾಗ ಯಾವುದನ್ನು ನಂಬುವುದು?

ಪ್ರಶ್ನೆ: ಮೇಡಂ, ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ಎಂಬಿಬಿಎಸ್ ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿಲ್ಲ. ನಮ್ಮಲ್ಲಿಗೆ ಬರುವ ಒಬ್ಬ ತಾಯಿಗೆ 52 ವರ್ಷ. ಬಾಯಿ ಕ್ಯಾನ್ಸರ್. ತೂಕ 38 ಕೆಜಿ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ನಾಲ್ಕು ಗಂಟೆಗೊಮ್ಮೆ 20 ಮಿಗ್ರಾಂ, ರಾತ್ರಿ ಮಲಗುವಾಗ 40. ಒಟ್ಟು ದಿನಕ್ಕೆ 120 ಮಿಗ್ರಾಂ. ನೋವು ಚೆನ್ನಾಗಿ ಹಿಡಿತಕ್ಕೆ ಬಂದಿತ್ತು. ಈಗ ಒಂದು ವಾರದಿಂದ ಮಾತ್ರೆ ನುಂಗಲು ತುಂಬ ಕಷ್ಟಪಡುತ್ತಿದ್ದಾರೆ. ನೋವೂ ಮತ್ತೆ ಶುರುವಾಗಿದೆ. ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪ್ಯಾಚ್‌ಗೆ ಬದಲಿಸೋಣ ಅಂದುಕೊಂಡು, ಡೋಸ್ ಲೆಕ್ಕ ಮಾಡಿಕೊಡುವ ಎರಡು ಆ್ಯಪ್‌ಗಳನ್ನು ಮೊಬೈಲಿಗೆ ಹಾಕಿಕೊಂಡು ನೋಡಿದೆ. ಒಂದು ಆ್ಯಪ್, ಗಂಟೆಗೆ 50 ಮೈಕ್ರೋಗ್ರಾಂ ಬಿಡುವ ಪ್ಯಾಚ್ ಹಾಕಿ ಅಂತ ತೋರಿಸಿತು. ಇನ್ನೊಂದು 25 ಅಂತು. ಹಿಂದೆ ಇನ್ನೊಬ್ಬ ರೋಗಿಗೆ ಟ್ರಮಡಾಲ್ ಎಂಬ ನೋವಿನ ಮದ್ದಿನಿಂದ ಮಾರ್ಫಿನ್‌ಗೆ ಬದಲಿಸುವಾಗಲೂ ಹೀಗೇ ಆಗಿತ್ತು. ದಿನಕ್ಕೆ 400 ಮಿಗ್ರಾಂ ಟ್ರಮಡಾಲ್‌ಗೆ ಒಂದು 40 ಮಿಗ್ರಾಂ ಮಾರ್ಫಿನ್ ಅಂತು, ಇನ್ನೊಂದು 80. ನಮ್ಮ ಹಿರಿಯ ವೈದ್ಯರು 'ಮೊಬೈಲ್ ನೋಡಿ ಮದ್ದು ಬರೆಯಬೇಡ, ಪುಸ್ತಕದ ಕೋಷ್ಟಕ ನೋಡು' ಅಂತಾರೆ. ಯಾವ ಆ್ಯಪ್ ಸರಿ? ಆ ತಾಯಿಗೆ ಎಷ್ಟರ ಪ್ಯಾಚ್ ಹಾಕಲಿ? ಜಾಸ್ತಿಯಾಗಿ ಉಸಿರಾಟಕ್ಕೆ ತೊಂದರೆ ಆದರೆ ಎಂಬ ಭಯ ಒಂದು ಕಡೆ. ಕಡಿಮೆಯಾಗಿ ಅವರು ನರಳಿದರೆ ಎಂಬ ಸಂಕಟ ಇನ್ನೊಂದು ಕಡೆ.

ಉತ್ತರ: ಡಾಕ್ಟರೇ, ನೀವು ಎರಡು ಆ್ಯಪ್ ತೆರೆದು ಹೋಲಿಸಿ ನೋಡಿದ್ದೇ ಒಳ್ಳೆಯದಾಯಿತು. ಒಂದನ್ನೇ ನೋಡಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮೊದಲು ಅವಸರದ ವಿಷಯ ಹೇಳಿಬಿಡುತ್ತೇನೆ. ಆ ತಾಯಿಗೆ ಸದ್ಯಕ್ಕೆ 50ರ ಪ್ಯಾಚ್ ಹಾಕಬೇಡಿ. 25 ಕೂಡ ಇವತ್ತೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು 50, ಇನ್ನೊಂದು 25 ಅಂದರೆ ಎರಡರಲ್ಲಿ ಒಂದು ತಪ್ಪಿರಲೇಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲಿ ಎರಡೂ ಲೆಕ್ಕ ತಪ್ಪಿಲ್ಲ. 50 ಅಂದ ಆ್ಯಪ್ ಒಂದು ನೇರ ಅನುಪಾತ ಬಳಸಿದೆ. ಪ್ಯಾಚಿನ ಗಂಟೆಯ ಮೈಕ್ರೋಗ್ರಾಂ ಸಂಖ್ಯೆಯನ್ನು 2.4ರಿಂದ ಗುಣಿಸಿದರೆ ದಿನದ ಬಾಯಿಯ ಮಾರ್ಫಿನ್ ಲೆಕ್ಕ ಸಿಗುತ್ತದೆ. 50 ಗುಣಿಸು 2.4 ಅಂದರೆ 120. ಅದನ್ನೇ ತಿರುಗಿಸಿ ನಿಮಗೆ ಕೊಟ್ಟಿದೆ. 25 ಅಂದ ಆ್ಯಪ್ ಪ್ಯಾಚ್ ತಯಾರಕರ ಅಮೆರಿಕದ ಸೂಚನಾಪತ್ರದ ಕೋಷ್ಟಕವನ್ನು ಬಳಸಿರಬೇಕು. ಅದರಲ್ಲಿ ದಿನಕ್ಕೆ 60ರಿಂದ 134 ಮಿಗ್ರಾಂ ಬಾಯಿಯ ಮಾರ್ಫಿನ್ ತೆಗೆದುಕೊಳ್ಳುವವರಿಗೆಲ್ಲ 25ರಿಂದ ಶುರು ಮಾಡಿ ಅಂತ ಇದೆ. ಬೇಕೆಂದೇ ತಗ್ಗಿಸಿ ಇಟ್ಟ ಸಂಖ್ಯೆ ಅದು. ಹಲವರಿಗೆ ಆಮೇಲೆ ಏರಿಸಬೇಕಾಗುತ್ತದೆ ಎಂದು ಗೊತ್ತಿದ್ದೇ ಹಾಗೆ ಇಟ್ಟಿದ್ದಾರೆ.

ಅಂದರೆ ಮೊದಲನೆಯದು 'ಈ ಪ್ಯಾಚ್ ಸುಮಾರು ಎಷ್ಟು ಮಾರ್ಫಿನ್‌ಗೆ ಸಮ' ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು 'ಇವರಿಗೆ ಎಷ್ಟರಿಂದ ಶುರು ಮಾಡಿದರೆ ಅಪಾಯ ಕಡಿಮೆ' ಎಂಬ ಪ್ರಶ್ನೆಗೆ ಉತ್ತರ. ಆ್ಯಪಿನ ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮೇಲೆ ಒಂದು ಮದ್ದು, ಕೆಳಗೆ ಇನ್ನೊಂದು ಮದ್ದು, ನಡುವೆ ಬಾಣದ ಗುರುತು.

ಈ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಪ್ರಕಾರ ಈ ಆ್ಯಪ್‌ಗಳಿಂದ ಆಗುವ ಅನಾಹುತಗಳಿಗೆಲ್ಲ ಬೇರು ಇಲ್ಲೇ ಇದೆ.

ನಿಮ್ಮ ಟ್ರಮಡಾಲ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಕೊಟ್ಟ ಪಟ್ಟಿಯಲ್ಲಿ ಟ್ರಮಡಾಲ್‌ಗೆ 0.1 ಎಂಬ ಗುಣಾಂಕ ಇತ್ತು. 400 ಮಿಗ್ರಾಂ ಅಂದರೆ 40 ಮಿಗ್ರಾಂ ಮಾರ್ಫಿನ್‌ಗೆ ಸಮ. 2022ರ ಮಾರ್ಗಸೂಚಿಯಲ್ಲಿ ಅದೇ ಗುಣಾಂಕ 0.2 ಆಯಿತು. 400 ಮಿಗ್ರಾಂ ಈಗ 80ಕ್ಕೆ ಸಮ. ನೀವು ನೋಡಿದ ಒಂದು ಆ್ಯಪ್ ಹಳೆಯ ಗುಣಾಂಕದಲ್ಲಿದೆ, ಇನ್ನೊಂದು ಹೊಸದರಲ್ಲಿದೆ. ಹೊಸದು ಅಂದಮೇಲೆ ಅದೇ ಸರಿ ಇರಬೇಕು ಅನ್ನಿಸಬಹುದು. ಆದರೆ ಆ ಪಟ್ಟಿ ಮಾಡಿದ್ದು ಯಾವ ಕೆಲಸಕ್ಕೆ? ಒಬ್ಬ ರೋಗಿಯ ಮೈಮೇಲೆ ಒಟ್ಟು ಎಷ್ಟು ಓಪಿಯಾಯ್ಡ್ (ಮಾರ್ಫಿನ್ ಜಾತಿಯ ಮದ್ದು) ಭಾರ ಇದೆ, ಅವರಿಗೆ ಅಪಾಯ ಎಷ್ಟು ಎಂದು ಅಳೆಯೋಕೆ. ಒಂದು ಮದ್ದು ನಿಲ್ಲಿಸಿ ಇನ್ನೊಂದು ಶುರು ಮಾಡುವಾಗ ಹೊಸ ಡೋಸ್ ನಿರ್ಧರಿಸಲು ಈ ಗುಣಾಂಕ ಬಳಸಬೇಡಿ ಎಂದು ಸಿಡಿಸಿಯೇ ಅಲ್ಲಿ ಬರೆದಿದೆ.

ಯಾಕೆ ಹಾಗೆ? ಅಪಾಯ ಅಳೆಯುವಾಗ ಸಂಖ್ಯೆ ಸ್ವಲ್ಪ ಜಾಸ್ತಿ ಬಂದರೆ ಏನಾಗುತ್ತದೆ? ವೈದ್ಯರು ಇನ್ನಷ್ಟು ಎಚ್ಚರ ವಹಿಸುತ್ತಾರೆ. ರೋಗಿಗೆ ಒಳ್ಳೆಯದೇ. ಅದೇ ಜಾಸ್ತಿ ಸಂಖ್ಯೆಯನ್ನು ಹಿಡಿದು ಮಾರ್ಫಿನ್ ಬರೆದರೆ ಅಷ್ಟೂ ಜಾಸ್ತಿ ಮದ್ದು ರೋಗಿಯ ಹೊಟ್ಟೆಗೆ ಹೋಗುತ್ತದೆ. ಒಂದು ಕೆಲಸದಲ್ಲಿ ರಕ್ಷಣೆ ಕೊಡುವ ಸಂಖ್ಯೆ ಇನ್ನೊಂದು ಕೆಲಸದಲ್ಲಿ ಅಪಾಯ ತರುತ್ತದೆ. ಹಾಗಾಗಿ ಆ್ಯಪ್ ತೆರೆಯುವ ಮೊದಲೇ ಕೇಳಿಕೊಳ್ಳಬೇಕಾದ್ದು: ನಾನೀಗ ಭಾರ ಅಳೆಯುತ್ತಿದ್ದೇನಾ, ಮದ್ದು ಬದಲಿಸುತ್ತಿದ್ದೇನಾ? ಈ ಆ್ಯಪ್ ಯಾವ ಕೆಲಸಕ್ಕೆ ಮಾಡಿದ್ದು? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಅರಿವಳಿಕೆ ತಜ್ಞರ ಕಾಲೇಜಿನ ನೋವು ವಿಭಾಗ ಒಂದು ಆ್ಯಪ್ ಹೊರತಂದಿದೆ. ಬಹಳ ಜನ ಬಳಸುತ್ತಾರೆ. ಒಟ್ಟು ಲೆಕ್ಕ ಏರಿದಂತೆ ಹಸಿರು, ಹಳದಿ, ಕೆಂಪು ಬಣ್ಣ ತೋರಿಸುತ್ತದೆ. ಆ ಬಣ್ಣ ಹೇಳುವುದು ಭಾರದ ವಿಷಯ. ಹಸಿರು ಬಂತು ಅಂದ ಮಾತ್ರಕ್ಕೆ ಆ ಸಂಖ್ಯೆಯನ್ನು ಹಾಗೇ ಚೀಟಿಗೆ ಇಳಿಸಬಹುದು ಅಂತ ಅರ್ಥ ಅಲ್ಲ.

ಇನ್ನು ನಿಮ್ಮ ಹಿರಿಯರ ಮಾತು. ಅವರ ಕಾಳಜಿ ನಿಜವಾದದ್ದು, ಅದಕ್ಕೆ ಬೆಲೆ ಕೊಡಿ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ 23 ಆ್ಯಪ್‌ಗಳನ್ನು ಹೋಲಿಸಿ ನೋಡಿದ್ದರು. ಸುಮಾರು ಅರ್ಧದಷ್ಟು ಆ್ಯಪ್‌ಗಳಲ್ಲಿ, ಅದನ್ನು ಮಾಡುವಾಗ ವೈದ್ಯರು ಯಾರಾದರೂ ಇದ್ದರು ಎಂಬ ಮಾಹಿತಿಯೇ ಇರಲಿಲ್ಲ. ಒಂದೇ ಡೋಸ್ ಹಾಕಿದರೆ ಬೇರೆ ಬೇರೆ ಆ್ಯಪ್ ಬೇರೆ ಬೇರೆ ಉತ್ತರ ಕೊಟ್ಟವು. ಆದರೆ ಪುಸ್ತಕದ ಕೋಷ್ಟಕ ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿದೆ ಅಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಆ್ಯಪ್ ಒಳಗಿರುವುದೂ ಅದೇ ಕೋಷ್ಟಕ ತಾನೇ?

ಆ ಕೋಷ್ಟಕಗಳ ಹುಟ್ಟು ಎಲ್ಲಿ ಅಂದರೆ, 1950-60ರ ದಶಕದಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ರೇಮಂಡ್ ಹೌಡ್ ಮತ್ತು ಅವರ ತಂಡ ರೋಗಿಗಳಿಗೆ ಒಂದೊಂದೇ ಡೋಸ್ ಕೊಟ್ಟು, ಮುಂದಿನ ಕೆಲವು ಗಂಟೆಗಳಲ್ಲಿ ನೋವು ಎಷ್ಟು ಇಳಿಯಿತು ಎಂದು ಕೇಳಿ ಬರೆದುಕೊಂಡರು. ಆ ಕಾಲಕ್ಕೆ ಬಹಳ ದೊಡ್ಡ ಕೆಲಸ ಅದು. ನೋವನ್ನು ಅಳೆಯಬಹುದು, ಅದಕ್ಕೆ ರೋಗಿಯ ಮಾತನ್ನೇ ನಂಬಬಹುದು ಎಂದು ತೋರಿಸಿಕೊಟ್ಟವರು ಅವರು. ಆದರೆ ಒಂದು ಡೋಸ್ ಕೊಟ್ಟಾಗ ಸಿಗುವ ಅನುಪಾತವೇ ಬೇರೆ. ತಿಂಗಳುಗಟ್ಟಲೆ ಮದ್ದು ತೆಗೆದುಕೊಳ್ಳುವವರಲ್ಲಿ ಸಿಗುವ ಅನುಪಾತವೇ ಬೇರೆ. ಮಾರ್ಫಿನ್ನನ್ನೇ ನೋಡಿ. ಒಂದು ಡೋಸಿನ ಅಧ್ಯಯನದಲ್ಲಿ ಬಾಯಿಗೆ ಕೊಡುವುದಕ್ಕೂ ಇಂಜೆಕ್ಷನ್ನಿಗೂ 6ಕ್ಕೆ 1 ಅಂತ ಬಂದಿತ್ತು. ದಿನವೂ ತೆಗೆದುಕೊಳ್ಳುವವರಲ್ಲಿ ಅದು 3ಕ್ಕೆ 1. ಈಗ ಎಲ್ಲರೂ ಬಳಸುವುದು ಈ ಎರಡನೆಯದನ್ನೇ, ಕೆಲವರು 2ಕ್ಕೆ 1 ಕೂಡ ಬಳಸುತ್ತಾರೆ. ಒಂದೇ ಮದ್ದಿಗೆ ಇಷ್ಟು ವ್ಯತ್ಯಾಸ ಇದ್ದರೆ, ಎರಡು ಬೇರೆ ಮದ್ದುಗಳ ನಡುವೆ ದಶಮಾಂಶದವರೆಗೆ ನಿಖರ ಉತ್ತರ ಎಲ್ಲಿಂದ ಬರಬೇಕು? ಆ್ಯಪ್ 41.7 ಅಂತ ತೋರಿಸಿದಾಗ ಆ .7 ನೋಡಿ ಮೋಸ ಹೋಗಬೇಡಿ. ಅದು ಭಾಗಾಕಾರದಿಂದ ಬಂದಿದ್ದು, ಔಷಧಶಾಸ್ತ್ರದಿಂದ ಬಂದಿದ್ದಲ್ಲ.

ಹಾಗಂತ ಆ್ಯಪ್ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ನಡುರಾತ್ರಿ, ಒಬ್ಬರೇ ಡ್ಯೂಟಿಯಲ್ಲಿ ಇರುವಾಗ, ಮೈಕ್ರೋಗ್ರಾಂ-ಮಿಲಿಗ್ರಾಂ ಲೆಕ್ಕವನ್ನು ತಲೆಯಲ್ಲೇ ಮಾಡುವುದಕ್ಕಿಂತ ಮೊಬೈಲಿನಲ್ಲಿ ಮಾಡುವುದು ಎಷ್ಟೋ ಮೇಲು. ಕೂಡಿ ಕಳೆಯುವ ಕೆಲಸದಲ್ಲಿ ಅದು ತಪ್ಪುವುದಿಲ್ಲ. ತಪ್ಪುವುದು ನಾವು ಅದಕ್ಕೆ ಕೊಡುವ ಸಂಖ್ಯೆಯಲ್ಲಿ.

ಈಗ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ನೀವು ಎರಡೂ ಆ್ಯಪ್‌ಗೆ 120 ಅಂತ ಕೊಟ್ಟಿದ್ದೀರಿ. ಆದರೆ ನಿಮ್ಮ ಪತ್ರದಲ್ಲೇ ಇದೆ: ಒಂದು ವಾರದಿಂದ ಮಾತ್ರೆ ನುಂಗಲು ಕಷ್ಟಪಡುತ್ತಿದ್ದಾರೆ. ಹಾಗಾದರೆ ಈ ವಾರ ದಿನಕ್ಕೆ 120 ಮಿಗ್ರಾಂ ಹೊಟ್ಟೆಗೆ ಹೋಗಿದೆಯಾ? ಖಂಡಿತ ಹೋಗಿರಲಾರದು. 120 ಎಂಬುದು ಬೆಂಗಳೂರಿನ ಚೀಟಿಯ ಸಂಖ್ಯೆ. ನಿಮಗೆ ಬೇಕಾದ್ದು ನಿನ್ನೆ, ಮೊನ್ನೆ, ಆಚೆಮೊನ್ನೆ ಅವರು ನಿಜವಾಗಿ ನುಂಗಿದ ಸಂಖ್ಯೆ.

ಇದನ್ನು ತಿಳಿಯುವುದು ಹೇಗೆ? 'ಮಾತ್ರೆ ಸರಿಯಾಗಿ ಕೊಡ್ತಿದ್ದೀರಾ' ಎಂದು ಕೇಳಿದರೆ ಮನೆಯವರು ಹೌದು ಅಂತಲೇ ಹೇಳುತ್ತಾರೆ. ಡಾಕ್ಟರ ಎದುರು ಇಲ್ಲ ಅನ್ನುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಅದರ ಬದಲು ಮಾತ್ರೆಯ ಸ್ಟ್ರಿಪ್ ತರಿಸಿ. ಯಾವತ್ತು ಕೊಟ್ಟಿದ್ದು, ಎಷ್ಟು ಕೊಟ್ಟಿದ್ದು, ಇನ್ನೆಷ್ಟು ಉಳಿದಿದೆ ಎಂದು ಎಣಿಸಿ. ರಾತ್ರಿ ಎರಡು ಪಟ್ಟು ಕೊಡಬೇಕಾದ ಡೋಸನ್ನು ಭಯದಿಂದ ಒಂದೇ ಕೊಡುವ ಮನೆಗಳು ಬಹಳ. 'ಮಾರ್ಫಿನ್ ಅಂದ್ರೆ ಚಟ ಹತ್ತುತ್ತೆ, ಅದು ಕೊನೆಗಾಲದ ಮದ್ದು' ಎಂದು ನೆಂಟರು ಯಾರಾದರೂ ಹೇಳಿರುತ್ತಾರೆ. ಇನ್ನು ಕೆಲವರು ನೋವು ಜಾಸ್ತಿಯಾದಾಗ ಊರಿನ ಅಂಗಡಿಯಿಂದ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ತಂದು ಕೊಟ್ಟಿರುತ್ತಾರೆ. ಅದೂ ಲೆಕ್ಕಕ್ಕೆ ಸೇರಬೇಕು. ಯಾರನ್ನೂ ಬೈಯದೆ, ಸುಮ್ನೆ ಕೂತು ಕೇಳಿದರೆ ಎಲ್ಲ ಹೇಳುತ್ತಾರೆ.

ಇದರ ಮಹತ್ವ ಎಷ್ಟು ಅಂದರೆ: 25ರ ಪ್ಯಾಚ್ ಹಾಕಬೇಕಾದರೆ ರೋಗಿ ಕನಿಷ್ಠ ಒಂದು ವಾರ, ದಿನಕ್ಕೆ ಕನಿಷ್ಠ 60 ಮಿಗ್ರಾಂ ಬಾಯಿಯ ಮಾರ್ಫಿನ್ ಅಥವಾ ಅದಕ್ಕೆ ಸಮನಾದ ಮದ್ದು ತೆಗೆದುಕೊಂಡು ಒಗ್ಗಿರಬೇಕು ಎಂಬುದು ಸೂಚನಾಪತ್ರದ ಷರತ್ತು. ಆ ತಾಯಿ ಈ ವಾರ ದಿನಕ್ಕೆ ಎರಡೋ ಮೂರೋ ಮಾತ್ರೆ ಮಾತ್ರ ನುಂಗಿದ್ದರೆ ಅವರು 60ರ ಗಡಿಯಲ್ಲಿ ಅಥವಾ ಅದರ ಕೆಳಗೆ ಇದ್ದಾರೆ. ಮೈ ಒಗ್ಗಿದ್ದೂ ಅಷ್ಟು ಇಳಿದಿರುತ್ತದೆ. ಅಂಥವರಿಗೆ 50ರ ಪ್ಯಾಚ್ ಹಾಕಿದರೆ ಏನಾಗಬಹುದು ಎಂದು ನೀವೇ ಊಹಿಸಬಲ್ಲಿರಿ. ಯಾವ ಆ್ಯಪ್ ಕೂಡ ಈ ಪ್ರಶ್ನೆ ನಿಮ್ಮನ್ನು ಕೇಳಲಿಲ್ಲ.

ಆ್ಯಪ್ ಕೇಳದ ಇನ್ನೊಂದು ಪ್ರಶ್ನೆ ಕಿಡ್ನಿಯದು. ನಿಮ್ಮ ಪತ್ರದಲ್ಲೂ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು ಎಂದು ಇಲ್ಲ. ಇವತ್ತೇ ನೋಡಿಸಿ. ನುಂಗಲು ಆಗದವರು ನೀರೂ ಕಡಿಮೆ ಕುಡಿದಿರುತ್ತಾರೆ. ಲಿವರ್‌ನಲ್ಲಿ ಮಾರ್ಫಿನ್ ಒಡೆದಾಗ ಹುಟ್ಟುವ ಪದಾರ್ಥಗಳು ಕಿಡ್ನಿಯ ಮೂಲಕ ಹೊರಗೆ ಹೋಗಬೇಕು. ಅದರಲ್ಲಿ ಒಂದು ಮಾರ್ಫಿನ್‌ನ ಹಾಗೇ ಕೆಲಸ ಮಾಡುತ್ತದೆ. ಕಿಡ್ನಿ ಸೋತರೆ ಅದು ಒಳಗೇ ಸೇರಿಕೊಳ್ಳುತ್ತದೆ. ತೂಕಡಿಕೆ, ಕೈಕಾಲು ಹಠಾತ್ತನೆ ಅದುರುವುದು, ಗೊಂದಲದ ಮಾತು ಶುರುವಾಗುತ್ತದೆ. ಹೀಗಿದ್ದರೆ ಫೆಂಟಾನಿಲ್‌ಗೆ ಬದಲಿಸಲು ಒಂದು ನಿಜವಾದ ಕಾರಣ ಸಿಕ್ಕಂತಾಯಿತು. ಕಿಡ್ನಿ ಚೆನ್ನಾಗಿದ್ದರೆ, ಮದ್ದನ್ನೇ ಯಾಕೆ ಬದಲಿಸಬೇಕು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಕೊಳ್ಳಿ. ಅವರ ನೋವು ಮಾರ್ಫಿನ್‌ನಲ್ಲಿ ಹಿಡಿತಕ್ಕೆ ಬಂದಿತ್ತು. ಕೆಟ್ಟಿದ್ದು ಮದ್ದಲ್ಲ, ಅದು ಒಳಗೆ ಹೋಗುವ ದಾರಿ. ದಾರಿ ಬದಲಿಸಿದರೆ ಸಾಕಾಗಬಹುದು.

ಮೊದಲ ದಾರಿ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್. ಬಾಯಿ ಕ್ಯಾನ್ಸರ್ ಇರುವವರಿಗೆ ಹೇಗೂ ಊಟಕ್ಕೆ ಇದು ಬೇಕಾಗುತ್ತದೆ. ಸಾದಾ ಮಾರ್ಫಿನ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಟ್ಯೂಬಿನಲ್ಲಿ ಕೊಟ್ಟು, ಮೇಲೆ ನೀರು ಹಾಯಿಸಬಹುದು. ಅನುಪಾತದ ಲೆಕ್ಕವೇ ಬೇಡ. ಬಾಯಿಯ ಡೋಸ್ ಎಷ್ಟೋ ಟ್ಯೂಬಿನ ಡೋಸೂ ಅಷ್ಟೇ. ಆದರೆ ಅವರು ಈ ವಾರ ಅರ್ಧ ಡೋಸ್ ಮಾತ್ರ ನುಂಗಿದ್ದರೆ ಏಕಾಏಕಿ 20ಕ್ಕೆ ಹಾರಬೇಡಿ. 10ರಿಂದ ಶುರು ಮಾಡಿ, ನೋವು ಮತ್ತು ಮಂಪರು ನೋಡಿಕೊಂಡು ಒಂದೆರಡು ದಿನದಲ್ಲಿ ಏರಿಸಿ. ಇಲ್ಲಿರುವ ದೊಡ್ಡ ಅಪಾಯ ಒಂದೇ: ನಿಧಾನವಾಗಿ ಬಿಡುಗಡೆ ಆಗುವ ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡುವುದು. 12 ಗಂಟೆಯ ಮದ್ದು ಒಟ್ಟಿಗೇ ಒಳಗೆ ಹೋಗುತ್ತದೆ. ಸ್ಟ್ರಿಪ್ ಮೇಲೆ ಎಸ್‌ಆರ್ ಅಂತ ಇದೆಯಾ ಎಂದು ನೀವೇ ಕಣ್ಣಾರೆ ನೋಡಿ. ಅಳಿಯನಿಗೋ ಮಗಳಿಗೋ ತೋರಿಸಿಕೊಟ್ಟು ಕಳಿಸಿ.

ಟ್ಯೂಬ್ ಬೇಡ ಎಂದು ಆ ತಾಯಿಯೇ ಹೇಳಿದರೆ ಒತ್ತಾಯ ಮಾಡಬೇಡಿ. ಎರಡನೆಯ ದಾರಿ ಚರ್ಮದ ಕೆಳಗಿನ ಇಂಜೆಕ್ಷನ್. ಹೊಟ್ಟೆ ಅಥವಾ ಎದೆಯ ಮೇಲ್ಭಾಗದ ಚರ್ಮದಡಿ ಒಂದು ಸಣ್ಣ ಬಟರ್‌ಫ್ಲೈ ಸೂಜಿ ಇಟ್ಟರೆ ಪ್ರತಿ ಸಲ ಚುಚ್ಚಬೇಕಾಗಿಲ್ಲ. ಮೇಲೆ ಹೇಳಿದ 3ಕ್ಕೆ 1 ಅನುಪಾತದಲ್ಲಿ ದಿನಕ್ಕೆ 60 ಮಿಗ್ರಾಂ ಬಾಯಿಯ ಮಾರ್ಫಿನ್ ಅಂದರೆ ಇಂಜೆಕ್ಷನ್ನಿನಲ್ಲಿ 20. ನಾಲ್ಕು ಗಂಟೆಗೊಮ್ಮೆ ಸುಮಾರು 3 ಮಿಗ್ರಾಂ. ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಮಾರ್ಫಿನ್ ಆಂಪ್ಯೂಲ್ ಒಂದು ಎಂಎಲ್‌ಗೆ 10 ಮಿಗ್ರಾಂ ಇರುವುದೂ ಬರುತ್ತದೆ, 15 ಇರುವುದೂ ಬರುತ್ತದೆ. ಆ್ಯಪ್‌ಗೆ ಇದು ಗೊತ್ತಿರುವುದಿಲ್ಲ. ನೀವು ಎಂಎಲ್‌ನಲ್ಲಿ ಬರೆದುಬಿಟ್ಟು, ಮರುದಿನ ಸ್ಟೋರಿನಿಂದ ಬೇರೆ ಬಗೆಯ ಆಂಪ್ಯೂಲ್ ಬಂದರೆ ಡೋಸ್ ಒಂದೂವರೆ ಪಟ್ಟು ಆಗುತ್ತದೆ. ಯಾವಾಗಲೂ ಮಿಗ್ರಾಂನಲ್ಲಿ ಬರೆಯಿರಿ. ಎಂಎಲ್ ಎಷ್ಟು ಎಂಬುದನ್ನು ಆಂಪ್ಯೂಲ್ ಕೈಯಲ್ಲಿ ಹಿಡಿದು ಸಿಸ್ಟರ್ ಜೊತೆ ಸೇರಿ ಲೆಕ್ಕ ಹಾಕಿ.

ಪ್ಯಾಚ್ ಮೂರನೆಯ ದಾರಿ. ಒಳ್ಳೆಯ ಮದ್ದು ಅದು, ಸರಿಯಾದ ಸಮಯಕ್ಕೆ ಸರಿಯಾದ ರೋಗಿಗೆ ಬಹಳ ನೆಮ್ಮದಿ ಕೊಡುತ್ತದೆ. ಮಲಬದ್ಧತೆಯೂ ಮಾರ್ಫಿನ್‌ಗಿಂತ ಕಡಿಮೆ. ಆದರೆ ಚರ್ಮಕ್ಕೆ ಅಂಟಿಸುವ ಪ್ಲಾಸ್ಟರ್ ಥರ ಕಾಣುವುದರಿಂದ ಹಗುರವಾದ ಮದ್ದು ಎಂಬ ಭಾವನೆ ಬಂದುಬಿಟ್ಟಿದೆ. ಇದು ಅಪಾಯದ ತಿಳುವಳಿಕೆ. ಬಾಯಿಯ ಮಾರ್ಫಿನ್ ಜಾಸ್ತಿಯಾದರೆ ಮುಂದಿನ ಡೋಸ್ ತಡೆಹಿಡಿದರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಪ್ಯಾಚ್ ಕಿತ್ತು ಹಾಕಿದರೂ ಚರ್ಮದಡಿ ಸೇರಿಕೊಂಡ ಮದ್ದು ರಕ್ತಕ್ಕೆ ಬರುತ್ತಲೇ ಇರುತ್ತದೆ. ರಕ್ತದ ಮಟ್ಟ ಅರ್ಧಕ್ಕೆ ಇಳಿಯಲು 17 ಗಂಟೆ, ಕೆಲವರಲ್ಲಿ ಅದಕ್ಕೂ ಜಾಸ್ತಿ ಬೇಕು. ಶುರುವಿನಲ್ಲೂ ಹೀಗೇ ನಿಧಾನ. ಹಚ್ಚಿದ ಮೇಲೆ ಪರಿಣಾಮ ಕಾಣಲು 12ರಿಂದ 24 ಗಂಟೆ. ಅದಕ್ಕಾಗಿ ಮೊದಲ 12 ಗಂಟೆ ಹಳೆಯ ಮಾರ್ಫಿನ್ ಮುಂದುವರಿಸಬೇಕು. ಮರೆತರೆ ಮೊದಲ ರಾತ್ರಿ ರೋಗಿ ನೋವಿನಲ್ಲಿ ನರಳುತ್ತಾರೆ. ಗಾಬರಿಯಾದ ವೈದ್ಯರು ಇನ್ನೊಂದು ಪ್ಯಾಚ್ ಹಚ್ಚುತ್ತಾರೆ. ಮೂರನೆಯ ದಿನ ಎರಡೂ ಸೇರಿ ಏಳುತ್ತವೆ.

ನೋವು ಏರಿಳಿಯುತ್ತಿರುವವರಿಗೆ ಪ್ಯಾಚ್ ಬೇಡ ಅನ್ನುವುದು ಇದಕ್ಕೇ. ಮೂರು ದಿನಕ್ಕೊಮ್ಮೆ ಬದಲಿಸುವ ವಸ್ತುವಿನಿಂದ ದಿನಕ್ಕೆ ನಾಲ್ಕು ಸಲ ಬದಲಾಗುವ ನೋವನ್ನು ಹಿಡಿಯಲು ಆಗುವುದಿಲ್ಲ. ನಿಮ್ಮ ರೋಗಿಯ ನೋವು ಈಗ ಕದಡಿದೆ. ಮೊದಲು ಟ್ಯೂಬಿನಲ್ಲೋ ಇಂಜೆಕ್ಷನ್ನಿನಲ್ಲೋ ಮಾರ್ಫಿನ್ ಕೊಟ್ಟು ನೋವನ್ನು ಹಿಡಿತಕ್ಕೆ ತನ್ನಿ. ಕೆಲವು ದಿನ ಡೋಸ್ ಒಂದೇ ಮಟ್ಟದಲ್ಲಿ ನಿಲ್ಲಲಿ. ಆಗ ನಿಜವಾದ ದಿನದ ಡೋಸ್ ನಿಮ್ಮ ಕೈಯಲ್ಲಿರುತ್ತದೆ. ಆ ಸಂಖ್ಯೆಯನ್ನು ಆ್ಯಪ್‌ಗೆ ಕೊಡಿ. ಅದು ಬಾಯಿಯ ಲೆಕ್ಕದಲ್ಲಿ 60ರಿಂದ 134ರ ಒಳಗೆ ಇದ್ದರೆ, 38 ಕೆಜಿ ತೂಕದ ಈ ತಾಯಿಗೆ ನಾನಾಗಿದ್ದರೆ 25ರಿಂದಲೇ ಶುರು ಮಾಡುತ್ತೇನೆ, ಆ್ಯಪ್ 50 ಅಂದರೂ ಸರಿ. ನಡುವೆ ನೋವು ಎದ್ದರೆ ಕೊಡಲು ಸಾದಾ ಮಾರ್ಫಿನ್ ಇಟ್ಟುಕೊಂಡಿರಬೇಕು. ಮಾಮೂಲಿಯಾಗಿ ಅದು ದಿನದ ಒಟ್ಟು ಡೋಸಿನ ಆರನೇ ಒಂದು ಭಾಗ. ಹೊಸದಾಗಿ ಪ್ಯಾಚ್ ಹಾಕಿದಾಗ ಹತ್ತನೇ ಒಂದು ಭಾಗದಿಂದ ಶುರು ಮಾಡಿದರೂ ನಡೆಯುತ್ತದೆ. ಅದನ್ನೂ ನುಂಗಲಾರದವರಿಗೆ ಟ್ಯೂಬೋ ಇಂಜೆಕ್ಷನ್ನೋ ಬೇಕೇ ಬೇಕು. ಅಂದರೆ ಪ್ಯಾಚ್ ಹಾಕಿದ್ರೂ ಟ್ಯೂಬಿನ ಪ್ರಶ್ನೆ ತಪ್ಪಲಿಲ್ಲ, ನೋಡಿ.

ಇಲ್ಲಿ ಆ್ಯಪ್ ಬಳಸುವವರು ಎಡವುವ ಎರಡು ಜಾಗ ಇವೆ. ಒಂದು ಮದ್ದಿಗೆ ಒಗ್ಗಿದ ಮೈ ಇನ್ನೊಂದು ಮದ್ದಿಗೆ ಪೂರ್ತಿ ಒಗ್ಗಿರುವುದಿಲ್ಲ. ಅದಕ್ಕೇ ಲೆಕ್ಕದಿಂದ ಬಂದ ಸಂಖ್ಯೆಯನ್ನು ಕಾಲು ಭಾಗದಿಂದ ಅರ್ಧದಷ್ಟು ತಗ್ಗಿಸುವುದು ರೂಢಿ. ಕೆಲವು ಆ್ಯಪ್ ಇದನ್ನು ತಾವೇ ಕಳೆದು ತೋರಿಸುತ್ತವೆ, ಕೆಲವು ಕಳೆಯುವುದಿಲ್ಲ. ಕೆಲವು, ಎಷ್ಟು ಶೇಕಡಾ ಎಂದು ನಿಮ್ಮನ್ನೇ ಕೇಳುತ್ತವೆ. ಕಳೆದಿದ್ದು ಗೊತ್ತಾಗದೆ ಇನ್ನೊಮ್ಮೆ ಕಳೆದರೆ ರೋಗಿಗೆ ಕಾಲು ಡೋಸ್ ಸಿಗುತ್ತದೆ. ತಯಾರಕರ 25ರ ಕೋಷ್ಟಕದಲ್ಲಿ ತಗ್ಗಿಸುವುದು ಆಗಲೇ ಸೇರಿದೆ, ಮತ್ತೆ ತಗ್ಗಿಸುವ ಅಗತ್ಯ ಇಲ್ಲ. ಇನ್ನೊಂದು ಜಾಗ ದಿಕ್ಕಿನದು. ಆ ಕೋಷ್ಟಕ ಮಾರ್ಫಿನ್‌ನಿಂದ ಪ್ಯಾಚ್‌ಗೆ ಹೋಗಲು ಮಾತ್ರ. ಮುಂದೆ ಎಂದಾದರೂ ಪ್ಯಾಚ್‌ನಿಂದ ಮಾರ್ಫಿನ್‌ಗೆ ಮರಳುವಾಗ ಅದನ್ನೇ ಹಿಂದುಮುಂದು ಓದಿ '25 ಅಂದರೆ 134 ತನಕ ಕೊಡಬಹುದು' ಅಂದುಕೊಂಡರೆ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟಂತಾಗುತ್ತದೆ.

ಜ್ವರ ಮತ್ತು ಬಿಸಿಯ ಮಾತನ್ನೂ ಹೇಳಬೇಕು, ಅದೂ ರಾಯಚೂರಿನ ಬೇಸಿಗೆಯಲ್ಲಿ. ಮೈ ಬಿಸಿಯಾದರೆ ಪ್ಯಾಚ್‌ನಿಂದ ಮದ್ದು ಬೇಗ ಹೀರಿಕೊಳ್ಳುತ್ತದೆ. ಪ್ಯಾಚ್ ಮೇಲೆ ಬಿಸಿನೀರಿನ ಶಾಖ ಕೊಡಬಾರದು. ಜ್ವರ ಬಂದರೆ ಆಸ್ಪತ್ರೆಗೆ ತಿಳಿಸಬೇಕು. ಬೆಲೆ ಜಾಸ್ತಿ ಎಂದು ಅರ್ಧ ಕತ್ತರಿಸಿ ಹಚ್ಚುವವರಿದ್ದಾರೆ. ಹಾಗೆ ಮಾಡಲೇಬಾರದು. ತೆಗೆದ ಪ್ಯಾಚ್‌ನಲ್ಲೂ ಮದ್ದು ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಬೇಕು.

ನಿಮ್ಮ ಟ್ರಮಡಾಲ್ ರೋಗಿಗೆ 40 ಸರಿಯೋ 80 ಸರಿಯೋ? ಇಲ್ಲಿ ಆ್ಯಪ್‌ಗಿಂತ ಆ ಮದ್ದಿನ ಗುಣವೇ ಉತ್ತರ ಹೇಳುತ್ತದೆ. ಟ್ರಮಡಾಲ್ ಹಾಗೇ ಇದ್ದರೆ ಓಪಿಯಾಯ್ಡ್ ಆಗಿ ಅದರ ಬಲ ಕಡಿಮೆ. ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಬದಲಿಸಿದ ಮೇಲೆ ಬಲ ಬರುತ್ತದೆ. ಈ ಕಿಣ್ವ ಹುಟ್ಟಿನಿಂದಲೇ ಕೆಲವರಲ್ಲಿ ಕೆಲಸ ಮಾಡುವುದಿಲ್ಲ, ಕೆಲವರಲ್ಲಿ ವಿಪರೀತ ಚುರುಕು. ಕೆಲಸ ಮಾಡದವರು 400 ಮಿಗ್ರಾಂ ನುಂಗಿದ್ದರೂ ಮೈ ಮಾರ್ಫಿನ್ ಥರದ ಮದ್ದಿಗೆ ಅಷ್ಟೇನೂ ಒಗ್ಗಿರುವುದಿಲ್ಲ. ಅವರಿಗೆ 80 ಕೊಟ್ಟರೆ ಹೊಸಬರಿಗೆ ಒಮ್ಮೆಲೇ ಕೊಟ್ಟ ಹಾಗೆ. ಹೊರಗಿನಿಂದ ನೋಡಿದರೆ ಯಾರು ಯಾವ ಗುಂಪು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಟ್ರಮಡಾಲ್‌ನಿಂದ ಬದಲಿಸುವಾಗ ನಾನು 5 ಮಿಗ್ರಾಂ ಸಾದಾ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ಕೊಟ್ಟು ಶುರು ಮಾಡುತ್ತೇನೆ, ಅಂದರೆ ದಿನಕ್ಕೆ 30. ಸಾಲದಿದ್ದರೆ ಮರುದಿನವೇ ಏರಿಸಬಹುದು. ಕೋಡೀನ್ ಎಂಬ ನೋವಿನ ಮದ್ದಿನ ವಿಷಯವೂ ಇದೇ.

ಮೆಥಡೋನ್ ಎಂಬ ಇನ್ನೊಂದು ಓಪಿಯಾಯ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದನ್ನು ಯಾವ ಆ್ಯಪ್ ನೋಡಿಯೂ ಒಬ್ಬರೇ ಶುರು ಮಾಡಬೇಡಿ. ರೋಗಿ ಮೊದಲು ತೆಗೆದುಕೊಳ್ಳುತ್ತಿದ್ದ ಮಾರ್ಫಿನ್ ಎಷ್ಟು ಜಾಸ್ತಿಯೋ ಮೆಥಡೋನ್ ಅನುಪಾತವೂ ಅಷ್ಟು ಬದಲಾಗುತ್ತದೆ. ಮದ್ದು ದಿನಗಟ್ಟಲೆ ಮೈಯಲ್ಲಿ ಸೇರಿಕೊಳ್ಳುತ್ತದೆ, ಹೃದಯದ ಲಯವನ್ನೂ ಕೆಡಿಸಬಲ್ಲದು. ಸಿಡಿಸಿಯ 2016ರ ಪಟ್ಟಿಯಲ್ಲಿ ಅದಕ್ಕೆ ಡೋಸ್ ನೋಡಿ 4ರಿಂದ 12ರವರೆಗೆ ಏರುವ ಗುಣಾಂಕ ಇತ್ತು. 2022ರಲ್ಲಿ ಒಂದೇ 4.7 ಆಯಿತು. ಬ್ಯುಪ್ರೆನಾರ್ಫಿನ್ ಮತ್ತು ಪೆಂಟಜೋಸಿನ್ ಕೂಡ ಸರಳ ಅನುಪಾತಕ್ಕೆ ಸಿಗುವ ಮದ್ದುಗಳಲ್ಲ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ನೋವು ಎಂದು ಪೆಂಟಜೋಸಿನ್ ಇಂಜೆಕ್ಷನ್ ಹಾಕಿದರೆ ಮಾರ್ಫಿನ್ ಪರಿಣಾಮವೇ ಕಡಿದು ಹೋಗಿ ನೋವು ಏರುತ್ತದೆ. ಹಳೆಯ ರೂಢಿಯಿಂದ ಇದು ಇನ್ನೂ ಅಲ್ಲಲ್ಲಿ ನಡೆಯುತ್ತಿದೆ, ದಯವಿಟ್ಟು ನಿಮ್ಮ ವಾರ್ಡಿನಲ್ಲಿ ತಪ್ಪಿಸಿ.

ಜಾಸ್ತಿಯಾದರೆ ಎಂಬ ನಿಮ್ಮ ಭಯಕ್ಕೆ ಉತ್ತರ ವಾರ್ಡಿನಲ್ಲೇ ಇದೆ. ಓಪಿಯಾಯ್ಡ್ ಜಾಸ್ತಿಯಾದಾಗ ಸಾಮಾನ್ಯವಾಗಿ ಮೊದಲು ಮಂಪರು ಬರುತ್ತದೆ, ಉಸಿರು ಆಮೇಲೆ ಕುಗ್ಗುತ್ತದೆ. ಮಾತನಾಡುತ್ತಾ ನಡುವೆಯೇ ಕಣ್ಣು ಮುಚ್ಚುವ ರೋಗಿಗೆ ಮುಂದಿನ ಡೋಸ್ ತಡೆಹಿಡಿದು ನಿಮ್ಮನ್ನು ಕರೆಯಬೇಕು ಎಂದು ಸಿಸ್ಟರ್‌ಗೆ ಬರೆದುಕೊಡಿ. ಬದಲಿಸಿದ ಮೊದಲ ದಿನ ಪ್ರತಿ ಡೋಸಿಗೂ ಮೊದಲು, ಪ್ಯಾಚ್ ಆದರೆ ಮೂರು ದಿನ, ಮಂಪರು ಮತ್ತು ಉಸಿರಿನ ಎಣಿಕೆ ನೋಡಲಿ. ಉಸಿರು ನಿಮಿಷಕ್ಕೆ 8ಕ್ಕಿಂತ ಕೆಳಗಿಳಿದು, ಕೂಗಿದರೂ ಏಳದಿದ್ದರೆ ಆಕ್ಸಿಜನ್ ಕೊಟ್ಟು, ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಇಂಜೆಕ್ಷನ್ ತೆಗೆಯಿರಿ. 400 ಮೈಕ್ರೋಗ್ರಾಂ ಆಂಪ್ಯೂಲನ್ನು ಸಲೈನ್ ಸೇರಿಸಿ 10 ಎಂಎಲ್ ಮಾಡಿ, ಎರಡು-ಮೂರು ನಿಮಿಷಕ್ಕೊಮ್ಮೆ 1 ಎಂಎಲ್‌ನಂತೆ ರಕ್ತನಾಳಕ್ಕೆ ಕೊಡಿ. ಉಸಿರು ಸುಧಾರಿಸಿದರೆ ಸಾಕು, ನಿಲ್ಲಿಸಿ. ಪೂರ್ತಿ ಎಚ್ಚರ ಆಗುವ ತನಕ ಕೊಟ್ಟರೆ ಕ್ಯಾನ್ಸರ್ ನೋವೆಲ್ಲ ಒಮ್ಮೆಲೇ ಮರಳಿ ಬರುತ್ತದೆ, ಅದು ಕ್ರೂರ. ನಲೋಕ್ಸೋನ್ ಒಂದು ಗಂಟೆಯ ಆಸುಪಾಸಿನಲ್ಲಿ ಕರಗಿಬಿಡುತ್ತದೆ. ಪ್ಯಾಚ್ ರೋಗಿಯಾದರೆ ಪ್ಯಾಚ್ ತೆಗೆದು, ಮತ್ತೆ ಮತ್ತೆ ಕೊಡಲು ಸಿದ್ಧರಾಗಿ ಕನಿಷ್ಠ ಒಂದು ದಿನ ಕಣ್ಣಿಡಬೇಕು. ಆಂಪ್ಯೂಲ್ ಎಮರ್ಜೆನ್ಸಿ ಟ್ರೇನಲ್ಲಿ ಇದೆಯಾ ಎಂದು ಇವತ್ತೇ ನೋಡಿ.

ಯಾವ ಆ್ಯಪ್ ಇಟ್ಟುಕೊಳ್ಳಲಿ ಎಂದರೆ ಹೆಸರಿಗಿಂತ ಗುಣ ನೋಡಿ. ಯಾರು ಮಾಡಿದ್ದು, ಯಾವ ಮಾರ್ಗಸೂಚಿಯ ಯಾವ ವರ್ಷದ ಗುಣಾಂಕ ಬಳಸಿದೆ, ಕೊನೆಯ ಸಲ ಯಾವಾಗ ತಿದ್ದಿದ್ದು ಎಂಬುದು ತೆರೆದ ಕೂಡಲೇ ಸಿಗಬೇಕು. ತಗ್ಗಿಸುವ ಶೇಕಡಾವಾರು ಕಣ್ಣಿಗೆ ಕಾಣಬೇಕು. ಮೆಥಡೋನ್‌ಗೆ ಸುಮ್ನೆ ಒಂದು ಸಂಖ್ಯೆ ಕೊಟ್ಟು ಕೈ ತೊಳೆದುಕೊಳ್ಳುವ ಆ್ಯಪ್ ಬೇಡ. ಒಂದನ್ನು ಆರಿಸಿದ ಮೇಲೆ ನಿಮ್ಮ ಹಿರಿಯರನ್ನೂ ಸಿಸ್ಟರ್‌ಗಳನ್ನೂ ಕೂರಿಸಿಕೊಂಡು ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನೇ ಬಳಸುವಂತೆ ಮಾಡಿ. ಹಗಲು ಒಬ್ಬರು ಒಂದು ಆ್ಯಪ್, ರಾತ್ರಿ ಇನ್ನೊಬ್ಬರು ಇನ್ನೊಂದು ಆ್ಯಪ್ ಅಂದರೆ ರೋಗಿಯ ಡೋಸ್ ಶಿಫ್ಟ್ ಬದಲಾದಂತೆ ಬದಲಾಗುತ್ತದೆ. ಕೇಸ್ ಶೀಟ್‌ನಲ್ಲಿ ಅಂತಿಮ ಡೋಸ್ ಜೊತೆ ಲೆಕ್ಕವನ್ನೂ ಬರೆಯಿರಿ: ನಿಜವಾಗಿ ತೆಗೆದುಕೊಂಡಿದ್ದು ಎಷ್ಟು, ಯಾವ ಅನುಪಾತ, ಎಷ್ಟು ತಗ್ಗಿಸಿದ್ದು.

ಮದ್ದು ತರಿಸುವ ವಿಷಯ ಒಂದು ಮಾತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದಮೇಲೆ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಮದ್ದುಗಳು ಅಗತ್ಯ ಮಾದಕ ಔಷಧಗಳ ಪಟ್ಟಿಗೆ ಬಂದಿವೆ. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಿಂದಿನಷ್ಟು ಲೈಸೆನ್ಸ್‌ಗಳಿಗೆ ಅಲೆಯದೆ ಇವನ್ನು ಇಟ್ಟುಕೊಳ್ಳಬಹುದು. ನಿಮ್ಮ ಆಸ್ಪತ್ರೆಗೆ ಆ ಮಾನ್ಯತೆ ಇದೆಯಾ, ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಇದೆಯಾ ಎಂದು ಕೇಳಿ.

ಮಾರ್ಫಿನ್ ಬರೆದ ಆಸ್ಪತ್ರೆಗೆ ನೀವೇ ಫೋನ್ ಮಾಡಿ. ಅಲ್ಲಿನ ನೋವು ಚಿಕಿತ್ಸೆ ವಿಭಾಗದವರಿಗೆ ಮಾತ್ರೆ ಎಣಿಸಿ ಸಿಕ್ಕ ಸಂಖ್ಯೆ, ಕ್ರಿಯೇಟಿನಿನ್, ತೂಕ, ಮಂಪರು ಎಷ್ಟಿದೆ, ಇಷ್ಟು ಹೇಳಿದರೆ ಸಾಕು. ಆ ತಾಯಿ ಬಸ್ ಹತ್ತಬೇಕಾಗಿಲ್ಲ. ಅಲ್ಲಿಯ ತನಕ ಟ್ಯೂಬಿನಲ್ಲಿ 10 ಮಿಗ್ರಾಂ ನಾಲ್ಕು ಗಂಟೆಗೊಮ್ಮೆ, ಮಲಬದ್ಧತೆಗೆ ಮದ್ದು ಜೊತೆಗೆ. ಕಿಡ್ನಿ ಸೋತಿದ್ದರೆ, ಅಥವಾ ಮಾತ್ರೆ ಎಣಿಸಿದಾಗ ದಿನಕ್ಕೆ ಎರಡಕ್ಕಿಂತ ಕಡಿಮೆ ಹೋಗಿದ್ದರೆ, 5ರಿಂದ ಶುರು ಮಾಡಿ, ಹೊತ್ತಿನ ಅಂತರವನ್ನು ಆರು ಗಂಟೆಗೆ ಹೆಚ್ಚಿಸಿ, ಅವತ್ತೇ ಆ ವಿಭಾಗದವರಿಗೆ ಕರೆ ಮಾಡಿ.